ಒಂದೇ ಊರು, ಒಂದು ಕಿಲೋಮೀಟರ್ ಅಂತರ, ಎಕರೆಗೆ 14 ಲಕ್ಷ ವ್ಯತ್ಯಾಸ ಯಾಕೆ? ಪಹಣಿಯ ವಿಸ್ತೀರ್ಣ ನಂಬಬಹುದಾ?

ಕಡ್ಲೆಕಾಯಿ ಹೊಲ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಾ ತಾಲ್ಲೂಕು. ನಾನು ಹದಿನೆಂಟು ವರ್ಷದಿಂದ ಪೀಣ್ಯದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮಪ್ಪ ನಾಲ್ಕು ಬೋರ್ ಕೊರೆಸಿ, ನಾಲ್ಕೂ ಫೇಲ್ ಆಗಿ, ಸಾಲ ತೀರಿಸಲು 2006ರಲ್ಲಿ ಇದ್ದ ಜಮೀನು ಮಾರಿದರು. ಆಗ ಎಕರೆಗೆ ಒಂದೂವರೆ ಲಕ್ಷವೂ ಸಿಗಲಿಲ್ಲ. ಈಗ ಅವರಿಗೆ ಎಪ್ಪತ್ತೊಂದು ವರ್ಷ. ಅವರು ಇರುವಾಗಲೇ ಊರಲ್ಲಿ ಒಂದಿಷ್ಟು ಜಮೀನು ಮತ್ತೆ ಮಾಡಬೇಕು ಅಂತ ನನ್ನ ಆಸೆ. ಸೈಟು ಮಾಡಿ ಮಾರುವ ಯೋಚನೆ ಇಲ್ಲ, ಬೆಳೆಯಬೇಕು ಅಷ್ಟೇ.

ಎರಡು ಜಮೀನು ನೋಡಿದ್ದೇನೆ. ಮೊದಲನೆಯದು ಪಹಣಿಯಲ್ಲಿ 2 ಎಕರೆ 10 ಗುಂಟೆ, ಎಕರೆಗೆ 18 ಲಕ್ಷ ಹೇಳುತ್ತಿದ್ದಾರೆ. ಎರಡನೆಯದು 3 ಎಕರೆ, ಎಕರೆಗೆ 32 ಲಕ್ಷ. ಎರಡಕ್ಕೂ ಮಧ್ಯೆ ಒಂದು ಕಿಲೋಮೀಟರ್ ಕೂಡ ಇಲ್ಲ. ಮಣ್ಣು ಒಂದೇ, ಕೆಂಪು ಮಣ್ಣು. ಅಪ್ಪ ಹೇಳುವ ಪ್ರಕಾರ ಕಡಿಮೆ ಬೆಲೆಯದರ ಮಣ್ಣೇ ಇನ್ನೂ ಚೆನ್ನಾಗಿದೆ. ಮತ್ತೆ ಇಷ್ಟು ವ್ಯತ್ಯಾಸ ಯಾಕೆ? ಬ್ರೋಕರ್‌ನ ಕೇಳಿದರೆ "ಅದು ಹಂಗೇ ಸಾರ್, ಆ ಕಡೆ ರೇಟು" ಅನ್ನುತ್ತಾನೆ.

ಇನ್ನೊಂದು ವಿಷಯ. ಮೊದಲನೆಯ ಜಮೀನನ್ನು ನಾನು ಸುಮ್ನೆ ಒಂದು ಸುತ್ತು ನಡೆದು ಮೊಬೈಲ್ ಆ್ಯಪ್‌ನಲ್ಲಿ ಅಳೆದೆ. 1 ಎಕರೆ 36 ಗುಂಟೆ ಅಂತ ಬಂತು. ಎರಡು ಸಲ ನಡೆದರೂ ಹೆಚ್ಚುಕಡಿಮೆ ಅಷ್ಟೇ. ಪಹಣಿಯಲ್ಲಿ ಇರುವ ಉಳಿದ 14 ಗುಂಟೆ ಎಲ್ಲಿ ಹೋಯಿತು? ತಿಳಿದವರು ಹೇಳಿ, ನನ್ನ ಹತ್ತಿರ ಇರುವುದು ಹದಿನೆಂಟು ವರ್ಷದ ಉಳಿತಾಯ.

---

ಸರಪಳಿ 33

ನಾನು ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಿ ಆದವನು. ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಯಾಕಂದ್ರೆ ಬೆಲೆ ಸರಿಯೋ ತಪ್ಪೋ ಅಂತ ಹೇಳಬೇಕಾದರೆ ಅಳತೆ ಮೊದಲು ಗೊತ್ತಾಗಬೇಕು.

ಪಹಣಿಯ 3ನೇ ಕಾಲಂ ತೆಗೆದು ನೋಡಿ. ಅಲ್ಲಿ ಒಟ್ಟು ವಿಸ್ತೀರ್ಣ ಇರುತ್ತದೆ, ಅದರ ಕೆಳಗೆ "ಎ ಖರಾಬು", "ಬಿ ಖರಾಬು" ಅಂತ ಇರುತ್ತದೆ, ಕಡೆಗೆ ಉಳಿದದ್ದು. ಎಲ್ಲರೂ ಮೇಲಿನ ಅಂಕಿ ಮಾತ್ರ ಓದುತ್ತಾರೆ. ಮಾರುವವರೂ ಅದನ್ನೇ ಹೇಳುತ್ತಾರೆ. ಎ ಖರಾಬು ಅಂದರೆ ಬಂಡೆ, ಗುಟ್ಟೆ, ಕಣ, ಹಳೇ ಮನೆ ಇಂಥದ್ದು. ಬೇಸಾಯಕ್ಕೆ ಬರುವುದಿಲ್ಲ ಅಂತ ಕಂದಾಯ ಹಾಕದೆ ಬಿಟ್ಟಿದ್ದು, ಆದರೆ ಜಾಗ ಖಾತೆದಾರರದ್ದೇ. ಬಿ ಖರಾಬು ಹಾಗಲ್ಲ. ಹಳ್ಳ, ದಾರಿ, ಸ್ಮಶಾನ ಹೀಗೆ ಸಾರ್ವಜನಿಕರಿಗೆ ಅಂತ ಬಿಟ್ಟ ಜಾಗ. ಅದು ಸರ್ಕಾರದ್ದು. ಅದಕ್ಕೆ ನೀವು ದುಡ್ಡು ಕೊಟ್ಟರೆ ನಿಮ್ಮದಲ್ಲದ್ದಕ್ಕೆ ಕೊಟ್ಟಂತೆ.

ನಿಮ್ಮದರಲ್ಲಿ 2 ಎಕರೆ 10 ಗುಂಟೆ, ಅಂದರೆ 90 ಗುಂಟೆ. ಎ ಖರಾಬು 4, ಬಿ ಖರಾಬು 11 ಇದೆ ಅಂತ ಇಟ್ಟುಕೊಳ್ಳಿ. ಆಗ ಬೇಸಾಯಕ್ಕೆ ಉಳಿಯುವುದು 75 ಗುಂಟೆ, 1 ಎಕರೆ 35 ಗುಂಟೆ. ನೀವು ನಡೆದು ಅಳೆದದ್ದಕ್ಕೆ ಹತ್ತಿರವೇ ಇದೆ ನೋಡಿ. 18 ಲಕ್ಷದ ಲೆಕ್ಕದಲ್ಲಿ 90 ಗುಂಟೆಗೆ ಒಟ್ಟು ನಲವತ್ತೂವರೆ ಲಕ್ಷ ಆಗುತ್ತದೆ. ಅದನ್ನು 75ಕ್ಕೆ ಭಾಗಿಸಿದರೆ ಗುಂಟೆಗೆ 54 ಸಾವಿರ, ಎಕರೆಗೆ 21 ಲಕ್ಷ 60 ಸಾವಿರ. ನಿಮ್ಮ 18 ಲಕ್ಷದ ಜಮೀನು ಅಲ್ಲಿಗೇ ಇಪ್ಪತ್ತೊಂದೂವರೆ ದಾಟಿತು. ಆದ್ದರಿಂದ ವ್ಯಾಪಾರ ಕೂರುವಾಗ ಖರಾಬು ಕಳೆದು ಎಷ್ಟು ಉಳಿಯುತ್ತದೆ ಅನ್ನುವುದರ ಮೇಲೆ ಮಾತಾಡಿ. ನಾಚಿಕೆ ಪಡಬೇಡಿ, ಹಳ್ಳಿಯಲ್ಲಿ ತಿಳಿದವರೆಲ್ಲ ಹಾಗೇ ಮಾತಾಡುವುದು.

ಖರಾಬು ಇಲ್ಲದೆಯೂ ಅಳತೆ ಕಡಿಮೆ ಬರಬಹುದು. ನಮ್ಮ ಹಳೇ ಅಳತೆ ಎಲ್ಲ ಸರಪಳಿಯಲ್ಲಿ ಆಗಿದ್ದು. ಒಂದು ಸರಪಳಿ 33 ಅಡಿ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ, 1,089 ಚದರ ಅಡಿ. ಅಂಥ 40 ಗುಂಟೆ ಒಂದು ಎಕರೆ. ಗುಂಟೆಯ ಕೆಳಗೆ 16 ಆಣೆ. ಆ ಅಳತೆಯ ಟಿಪ್ಪಣಿ, ಆಕಾರ್‌ಬಂದ್ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದಿಟ್ಟ ಪುಸ್ತಕ) ಇವತ್ತಿಗೂ ಮೂಲ ದಾಖಲೆ. ಆಕಾರ್‌ಬಂದ್‌ನಲ್ಲಿ ಒಂದು ವಿಸ್ತೀರ್ಣ, ಪಹಣಿಯಲ್ಲಿ ಇನ್ನೊಂದು ಇರುವ ಸರ್ವೆ ನಂಬರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಣ್ಣತಮ್ಮಂದಿರು ಬಾಯಿಮಾತಲ್ಲಿ ಭಾಗ ಮಾಡಿಕೊಂಡಿರುತ್ತಾರೆ, ಒಬ್ಬನ ಹೆಸರಿಗೆ ಜಾಸ್ತಿ ಬರೆದಿರುತ್ತದೆ, ಎಲ್ಲರ ಪಹಣಿ ಕೂಡಿದರೆ ಆ ನಂಬರಿನಲ್ಲಿ ಇರುವ ನೆಲಕ್ಕಿಂತ ಜಾಸ್ತಿ ಆಗುತ್ತದೆ. ಸರ್ವೆ ನಂಬರ್ ಮುಂದೆ "ಪೈಕಿ" ಅಂತ ಇದೆಯಾ ನೋಡಿ. ಇದ್ದರೆ ಪೋಡಿ ಆಗಿಲ್ಲ ಅಂತ ಅರ್ಥ. ಅಂದರೆ ನಿಮ್ಮ ತುಂಡು ಆ ನಂಬರಿನಲ್ಲಿ ಯಾವ ಮೂಲೆಯಲ್ಲಿದೆ ಅಂತ ಸರ್ಕಾರದ ನಕ್ಷೆಯಲ್ಲಿ ಗೆರೆಯೇ ಬಿದ್ದಿಲ್ಲ.

ಮೊಬೈಲ್ ಆ್ಯಪ್ ಅಳತೆಯನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ.

---

ಬಂಡಿದಾರಿ

ಅಣ್ಣ, ನಾನು ಮಧುಗಿರಿ ಕಡೆಯವನು, ಬೇಸಾಯ ಮಾಡುತ್ತೇನೆ. ಒಂದು ಪ್ರಶ್ನೆ ಕೇಳುತ್ತೇನೆ. 18 ಲಕ್ಷದ ಜಮೀನಿಗೆ ದಾರಿ ಇದೆಯಾ? ಈಗ ಟ್ರ್ಯಾಕ್ಟರ್ ಹೋಗುತ್ತಿದೆಯಾ ಅಂತ ಕೇಳುತ್ತಿಲ್ಲ. ಗ್ರಾಮ ನಕಾಶೆಯಲ್ಲಿ ದಾರಿ ಇದೆಯಾ?

ನಾನು ಪೆಟ್ಟು ತಿಂದವನು, ಅದಕ್ಕೇ ಕೇಳುತ್ತಿದ್ದೇನೆ. 2014ರಲ್ಲಿ ಎರಡು ಎಕರೆ ತೆಗೆದುಕೊಂಡೆ. ಪಕ್ಕದ ಹೊಲದ ಬದುವಿನ ಮೇಲೆ ಎಲ್ಲರೂ ಓಡಾಡುತ್ತಿದ್ದರು. ನಲವತ್ತು ವರ್ಷದಿಂದ ಹಾಗೇ ಇತ್ತು. ಆ ಹೊಲದ ಯಜಮಾನರು ತೀರಿಕೊಂಡರು, ಮಕ್ಕಳು ಬೇಲಿ ಹಾಕಿದರು. ಒಂದು ವರ್ಷ ನನ್ನ ಕಡ್ಲೆಕಾಯಿಯನ್ನು ತಲೆ ಮೇಲೆ ಹೊತ್ತು ಸಾಗಿಸಿದೆವು, ನಾನೂ ನನ್ನ ಹೆಂಡತಿಯೂ. ಕಡೆಗೆ ಅವರಿಗೇ ದುಡ್ಡು ಕೊಟ್ಟು ಹನ್ನೆರಡು ಅಡಿ ದಾರಿ ಬಿಡಿಸಿಕೊಂಡೆ. ಆ ದಾರಿಗೆ ಕೊಟ್ಟ ದುಡ್ಡು ಸೇರಿಸಿದರೆ ರಸ್ತೆ ಪಕ್ಕದ ಜಮೀನೇ ಬರುತ್ತಿತ್ತು.

ನಮ್ಮ ಕಡೆ ಬೆಲೆ ಅಂದರೆ ಮೊದಲು ದಾರಿ, ಆಮೇಲೆ ನೀರು. ಮಣ್ಣು ಮೂರನೆಯದು. ಇದು ನನಗೆ ಬೇಜಾರಿನ ವಿಷಯ, ಯಾಕಂದ್ರೆ ಬೆಳೆಯುವವನಿಗೆ ಮಣ್ಣೇ ಮುಖ್ಯ. ಆದರೆ ಕೊಳ್ಳಲು ಬರುವವರಲ್ಲಿ ಬೆಳೆಯುವವರು ಈಗ ಕಡಿಮೆ. ಮೊದಲು ರೈತರಲ್ಲದವರು ಕೊಳ್ಳುವ ಹಾಗೇ ಇರಲಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಯಾರು ಬೇಕಾದರೂ ಬರಬಹುದು. ಕಾರು ನೇರ ಹೊಲದ ಒಳಗೆ ಹೋಗಬೇಕು ಅಂತ ಅವರು ಮೊದಲು ನೋಡುವುದು. ಟಾರ್ ರಸ್ತೆಗೆ ತಾಗಿದ ಜಮೀನು ಒಂದು ಬೆಲೆ, ಅದರ ಹಿಂದಿನದು ಇನ್ನೊಂದು ಬೆಲೆ. ಅದರ ಹಿಂದಿನದನ್ನು ಕೇಳುವವರೇ ಇಲ್ಲ.

ನೀರಿನದು ಹೇಳುತ್ತೇನೆ. 32 ಲಕ್ಷದವರು ಬೋರ್‌ನಲ್ಲಿ ಎಷ್ಟು ಇಂಚು ನೀರಿದೆ ಅಂದರು? ಎರಡೂವರೆ ಇಂಚು ಅಂದಿರುತ್ತಾರೆ. ಅಕ್ಟೋಬರ್‌ನಲ್ಲಿ ಎರಡೂವರೆ ಇಂಚು ಬರುವ ಬೋರ್ ಏಪ್ರಿಲ್‌ನಲ್ಲಿ ಕೆಮ್ಮುತ್ತದೆ. ಬೇಸಿಗೆಯಲ್ಲಿ ಹೋಗಿ, ಮೋಟಾರ್ ಹಾಕಿಸಿ, ಒಂದು ಗಂಟೆ ಬಿಡದೆ ನಿಂತು ನೋಡಿ. ಮೊದಲ ಹತ್ತು ನಿಮಿಷದ ನೀರು ನೀರಲ್ಲ. ಕರೆಂಟಿನ ಆರ್‌ಆರ್ ನಂಬರ್ ಅವರ ಹೆಸರಲ್ಲಿ ಇದೆಯಾ, ಟಿಸಿ (ಟ್ರಾನ್ಸ್‌ಫಾರ್ಮರ್) ಎಷ್ಟು ದೂರ ಇದೆ, ಆ ಟಿಸಿ ಮೇಲೆ ಎಷ್ಟು ಮೋಟಾರ್ ಇವೆ ಅಂತ ಕೇಳಿ. ಶಿರಾ, ಕಳ್ಳಂಬೆಳ್ಳ ಕೆರೆಗಳಿಗೆ ಹೇಮಾವತಿ ನೀರು ಬಂದ ವರ್ಷ ಸುತ್ತಮುತ್ತಲ ಬೋರ್‌ಗಳು ಏಳುತ್ತವೆ. ನಿಮ್ಮ 32 ಲಕ್ಷದ ಜಮೀನು ಯಾವುದಾದರೂ ಕೆರೆ ಕೆಳಗೆ ಇದೆಯಾ? ಇದ್ದರೆ ಬೆಲೆಯ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಮತ್ತೆ "ಭದ್ರಾ ಮೇಲ್ದಂಡೆ ಯೋಜನೆ ನೀರು ಬರುತ್ತೆ, ಆಗ ಡಬಲ್ ಆಗುತ್ತೆ" ಅಂತ ಯಾರಾದರೂ ಹೇಳಿದರೆ ಆ ಮಾತಿಗೆ ದುಡ್ಡು ಕೊಡಬೇಡಿ. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂತ ಘೋಷಣೆ ಆದ ಕೂಡಲೇ ನಮ್ಮ ಕಡೆ ಬ್ರೋಕರ್‌ಗಳು ರೇಟು ಏರಿಸಿದರು. ನೀರು ಬಂದಾಗ ಬರಲಿ, ಬರಲೇಬೇಕು, ನಮ್ಮ ಸೀಮೆಗೆ ಅದು ಜೀವ. ಆದರೆ ಇವತ್ತಿನ ಜೇಬಿನಿಂದ ನಾಳೆಯ ನೀರಿಗೆ ಕೊಡಬಾರದು.

---

ಕಡ್ಲೆಕಾಯಿ ಹೊಲ

ಸರ್ವೇಯರ್ ಸರ್, ನೀವು ಹೇಳಿದ ಮೇಲೆ ಪಹಣಿ ತೆಗೆದು ನೋಡಿದೆ. ಎ ಖರಾಬು 3 ಗುಂಟೆ, ಬಿ ಖರಾಬು 9 ಗುಂಟೆ. ನಿಜವಾಗಲೂ ಒಂದು ಹಳ್ಳ ಇದೆ, ಒಣಗಿದೆ, ನಾನು ಅದನ್ನು ತಗ್ಗು ಅಂದುಕೊಂಡಿದ್ದೆ. ಸರ್ವೆ ನಂಬರ್ ಮುಂದೆ ಪೈಕಿ ಅಂತಲೂ ಇದೆ. ಅಣ್ಣ, 32 ಲಕ್ಷದ್ದು ಕೆರೆಯ ಕೆಳಗೇ ಇದೆ, ಮುಕ್ಕಾಲು ಕಿಲೋಮೀಟರ್ ಕೆಳಗೆ. ಟಾರ್ ರಸ್ತೆಗೂ ತಾಗಿದೆ. ಮೊದಲನೆಯದಕ್ಕೆ ದಾರಿ ಇದೆ, ಆದರೆ ನಕಾಶೆಯಲ್ಲಿ ಇದೆಯಾ ಗೊತ್ತಿಲ್ಲ, ನೋಡುತ್ತೇನೆ.

ಇನ್ನೊಂದು ಗೊಂದಲ. ಅದೇ ಊರಲ್ಲಿ 11 ಎಕರೆಯ ಒಂದು ಜಮೀನು ಎಕರೆಗೆ 14 ಲಕ್ಷಕ್ಕೆ ಹೋಯಿತಂತೆ. ದೊಡ್ಡ ಜಮೀನು ಕಡಿಮೆ ಬೆಲೆಗೆ, ಸಣ್ಣದು ಜಾಸ್ತಿ ಬೆಲೆಗೆ ಹೋಗುವುದು ಹೇಗೆ?

---

ನಾಲೆ ಏರಿ

ನಿಮ್ಮ ಕಡೇ ಪ್ರಶ್ನೆಗೆ ನನ್ನ ಉತ್ತರ ಸರಳ. ನಲವತ್ತು ಲಕ್ಷ ಇಟ್ಟುಕೊಂಡು ಬರುವವರು ಊರಿಗೆ ಇಪ್ಪತ್ತು ಜನ ಇರುತ್ತಾರೆ, ಒಂದೂವರೆ ಕೋಟಿ ಇಟ್ಟುಕೊಂಡು ಬರುವವರು ಒಬ್ಬರು. ಇಪ್ಪತ್ತು ಜನ ಕೇಳುವ ವಸ್ತುವಿಗೆ ಬೆಲೆ ಜಾಸ್ತಿ. ಆದರೆ ತುಂಬಾ ಸಣ್ಣದಾದರೆ ಮತ್ತೆ ಬಿದ್ದುಹೋಗುತ್ತದೆ. ಅದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ನಮ್ಮ ತವರು ಮದ್ದೂರು ತಾಲ್ಲೂಕು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಕೆಳಗೆ ತಾತನಿಗೆ ನಾಲ್ಕು ಎಕರೆ ಗದ್ದೆ. ನಾಲ್ಕು ಜನ ಗಂಡುಮಕ್ಕಳು. ಭಾಗ ಆದಾಗ ಯಾರೂ ಹಿಂದಿನ ಭಾಗ ತೆಗೆದುಕೊಳ್ಳಲು ಒಪ್ಪಲಿಲ್ಲ, ಯಾಕಂದ್ರೆ ನೀರು ಮುಂದೆ ಬರುತ್ತದೆ. ಅದಕ್ಕೆ ಉದ್ದಕ್ಕೆ ಸೀಳಿದರು. ಒಬ್ಬೊಬ್ಬರಿಗೂ ಸಾವಿರ ಅಡಿ ಉದ್ದ, ನಲವತ್ತಮೂರೂವರೆ ಅಡಿ ಅಗಲ. ಕಾಗದದ ಮೇಲೆ ಪೂರ್ತಿ ಒಂದೊಂದು ಎಕರೆ. ನೆಲದ ಮೇಲೆ ಅದು ಒಂದು ಪಟ್ಟೆ. ಎರಡೂ ಕಡೆ ಬದುವಿಗೆ ಜಾಗ ಹೋಯಿತು. ಟ್ರ್ಯಾಕ್ಟರ್ ತಿರುಗಿಸಲು ಆಗುವುದಿಲ್ಲ. ಚಿಕ್ಕಪ್ಪ ತಮ್ಮ ಬದುವಿನಲ್ಲಿ ತೆಂಗು ಇಟ್ಟರು, ಅದರ ನೆರಳು ನಮ್ಮ ಭತ್ತದ ಮೇಲೆ. ಈಗ ಅಪ್ಪನ ಪಟ್ಟೆ ಮಾರಬೇಕು ಅಂದರೆ ಹೊರಗಿನವರು ಯಾರೂ ಬರುವುದಿಲ್ಲ. ಅಕ್ಕಪಕ್ಕದ ಚಿಕ್ಕಪ್ಪಂದಿರೇ ಕೊಳ್ಳಬೇಕು, ಅವರು ಹೇಳಿದ್ದೇ ಬೆಲೆ. ನಾಲ್ಕು ಎಕರೆ ಒಟ್ಟಿಗೆ ಮಾರಿದ್ದರೆ ಬರುತ್ತಿದ್ದ ಬೆಲೆಯ ಕಾಲು ಭಾಗ ಇದು ಅಲ್ಲವೇ ಅಲ್ಲ, ಅದಕ್ಕಿಂತ ತುಂಬಾ ಕಡಿಮೆ.

ಇದು ನಮ್ಮ ಮನೆಯೊಂದರ ಕಥೆ ಅಲ್ಲ. 1970-71ರ ಕೃಷಿ ಗಣತಿಯಲ್ಲಿ ಕರ್ನಾಟಕದ ಸರಾಸರಿ ಹಿಡುವಳಿ 3.20 ಹೆಕ್ಟೇರ್ ಇತ್ತು, ಹೆಚ್ಚುಕಡಿಮೆ ಎಂಟು ಎಕರೆ. 2015-16ರಲ್ಲಿ 1.36 ಹೆಕ್ಟೇರ್, ಅಂದರೆ 3 ಎಕರೆ 14 ಗುಂಟೆ. ಅದೂ ಸರಾಸರಿ. ಒಣ ಸೀಮೆಯ ದೊಡ್ಡ ಹೊಲಗಳೆಲ್ಲ ಸೇರಿ ಬಂದ ಲೆಕ್ಕ. ನಮ್ಮ ನಾಲೆ ಕೆಳಗೆ ಮುಕ್ಕಾಲು ಎಕರೆ ಇದ್ದವರನ್ನೂ ಸ್ಥಿತಿವಂತರು ಅನ್ನುತ್ತಾರೆ.

ಇನ್ನೊಂದು ಮಾತು, ಇದು ನನಗೆ ಮುಖ್ಯ. ಜಮೀನು ಅಗ್ಗ ಯಾಕೆ ಅಂತ ಕೇಳಿದರೆ "ಹೆಣ್ಣುಮಕ್ಕಳ ತಕರಾರು ಇದೆ" ಅಂತ ಹೇಳುತ್ತಾರೆ. ಆ ಹೆಣ್ಣುಮಕ್ಕಳಲ್ಲಿ ನಾನೂ ಒಬ್ಬಳು. ನಾನು ತಕರಾರು ಮಾಡಿಲ್ಲ. ನನ್ನ ಪಾಲು ಕೇಳಿದ್ದೇನೆ. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು ಸಹಿ ಹಾಕಿಸಿಕೊಳ್ಳುವುದು ನಮ್ಮ ಕಡೆ ವಾಡಿಕೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ತಂದೆ ಆ ದಿನ ಬದುಕಿರಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದಕ್ಕೇ ವಂಶವೃಕ್ಷ ತೆಗೆಸಿ. ಎಲ್ಲಾ ಅಕ್ಕತಂಗಿಯರೂ ಅದರಲ್ಲಿ ಇದ್ದಾರಾ ಅಂತ ಊರಲ್ಲಿ ವಿಚಾರಿಸಿ. ಮದುವೆ ಆಗಿ ದೂರ ಹೋದವರ ಹೆಸರು ಬಿಟ್ಟಿರುತ್ತಾರೆ. ಅವರ ಸಹಿ ಇಲ್ಲದೆ 18 ಲಕ್ಷಕ್ಕೆ ಸಿಗುವುದು, ಅವರ ಸಹಿ ಇದ್ದರೆ 24 ಆಗಬಹುದು. ಆ ಆರು ಲಕ್ಷ ಅವರಿಗೆ ಸೇರಬೇಕಾದ್ದು. ದಯವಿಟ್ಟು ಅದನ್ನು ಲಾಭ ಅಂದುಕೊಳ್ಳಬೇಡಿ.

---

ಕೊನೇ ತೂಬು

ನಾಲೆ ಏರಿ ಅಕ್ಕಾರ ಮಾತು ನೂರಕ್ಕೆ ನೂರು ನಿಜ. ನಮ್ಮದು ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ. ಕಾಗದದಲ್ಲಿ ನನ್ನ ಹೊಲ ನೀರಾವರಿ. ಗಂಗಾವತಿ ಕಡೆಯ ಹೊಲವೂ ನೀರಾವರಿ. ಅವರಿಗೆ ಎರಡು ಬೆಳೆ ಭತ್ತ. ನಮ್ಮ ತೂಬಿಗೆ ನೀರು ಬರುವ ಹೊತ್ತಿಗೆ ಸಸಿ ಮುದಿಯಾಗಿರುತ್ತದೆ. ಒಂದೇ ಕಾಲುವೆ, ಒಂದೇ ಎರೆ ಮಣ್ಣು, ಬೆಲೆ ಮಾತ್ರ ಆಕಾಶ ಭೂಮಿ ಅಂತರ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನಮ್ಮಲ್ಲಿ ನಡೆದಿದ್ದ ಒಂದು ವ್ಯಾಪಾರ ಎರಡೇ ದಿನದಲ್ಲಿ ಮುರಿದುಬಿತ್ತು. ಕೊಳ್ಳುವವರು ಅಡ್ವಾನ್ಸ್ ವಾಪಸ್ ಕೇಳಿದರು.

ಮೇಲ್ಭಾಗದಲ್ಲೂ ಎಲ್ಲಾ ಚೆನ್ನಾಗಿಲ್ಲ. ನೀರು ಜಾಸ್ತಿ ನಿಂತು ಸವಳು ಜವಳು ಆಗಿರುವ ಹೊಲಗಳಿವೆ, ಬೇಸಿಗೆಯಲ್ಲಿ ಬೆಳ್ಳಗೆ ಉಪ್ಪು ಎದ್ದಿರುತ್ತದೆ. ಭತ್ತ ನಿಂತಿರುವಾಗ ನೋಡಿದರೆ ಅದು ಕಾಣುವುದಿಲ್ಲ. ಯಾವ ಸೀಮೆಯಲ್ಲೇ ಆಗಲಿ ಜಮೀನನ್ನು ಬೆಳೆ ಇಲ್ಲದಾಗ ಒಂದು ಸಲ ನೋಡಬೇಕು.

---

ಮುಟ್ಟಾಳೆ

ನಮ್ಮ ಪುತ್ತೂರು ಕಡೆ ಗುಂಟೆ ಅಂದರೆ ಯಾರಿಗೂ ಅಂದಾಜು ಸಿಗುವುದಿಲ್ಲ ಮಾರಾಯ್ರೇ, ಎಲ್ಲಾ ಸೆಂಟ್ಸ್ ಲೆಕ್ಕ. ನೂರು ಸೆಂಟ್ಸ್ ಒಂದು ಎಕರೆ, ನಿಮ್ಮ ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಆದರೆ ಅಳತೆಯ ಗೊಂದಲ ಇಲ್ಲಿಯೂ ಉಂಟು, ಬೇರೆ ತರಹ. ಎರಡು ಎಕರೆ ವರ್ಗ, ಅದಕ್ಕೆ ತಾಗಿ ಮೂರು ಎಕರೆ ಕುಮ್ಕಿ ಅಂತ ಹೇಳುತ್ತಾರೆ. ವರ್ಗ ಅಂದರೆ ಪಟ್ಟಾ ಜಮೀನು, ಅದು ಮಾತ್ರ ನಿಮ್ಮದು. ಕುಮ್ಕಿ ಅಂದರೆ ವರ್ಗದ ಗಡಿಯಿಂದ ನೂರು ಗಜದ ಒಳಗಿನ ಸರ್ಕಾರಿ ಜಾಗ, ಅಲ್ಲಿಂದ ಸೊಪ್ಪು, ಕಟ್ಟಿಗೆ ತರುವ ಸವಲತ್ತು ಮಾತ್ರ. ಹಾಗಿದ್ದರೂ ಕುಮ್ಕಿ ಜಾಸ್ತಿ ಇದ್ದರೆ ವರ್ಗಕ್ಕೆ ಬೆಲೆ ಜಾಸ್ತಿ, ಯಾಕೆಂದರೆ ಅಲ್ಲಿ ತೋಟ ಮಾಡಿದವರು ತುಂಬ ಮಂದಿ. ನಿಮ್ಮ ಕಡೆಯ ಖರಾಬಿಗೂ ಇದಕ್ಕೂ ನೆಂಟಸ್ತಿಕೆ ಉಂಟು ಅಲ್ವಾ?

ಅಡಿಕೆ ತೋಟಕ್ಕೆ ಬೆಲೆ ಕಟ್ಟುವಾಗ ಮರದ ಪ್ರಾಯ ನೋಡುತ್ತಾರೆ, ನೀರು ನೋಡುತ್ತಾರೆ, ಈಗ ರೋಗವನ್ನೂ ನೋಡುತ್ತಾರೆ. ಸುಳ್ಯದ ಸಂಪಾಜೆ ಕಡೆ ಹಳದಿ ಎಲೆ ರೋಗ ಬಂದ ತೋಟಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಜ್ಜನ ಕಾಲದ ತೋಟ, ಕೇಳುವವರಿಲ್ಲ.

---

ಪತ್ರ ಬರಹ

ನಾನು ಪತ್ರ ಬರೆಯುವ ಕೆಲಸ ಮಾಡುತ್ತೇನೆ, ಇಪ್ಪತ್ತೆರಡು ವರ್ಷ ಆಯಿತು. ಕಾಗದದ ಕಡೆಯಿಂದ ಎರಡು ಮೂರು ವಿಷಯ ಹೇಳುತ್ತೇನೆ.

ಮಾರುಕಟ್ಟೆ ಬೆಲೆಗಿಂತ ತೀರಾ ಅಗ್ಗಕ್ಕೆ ಬಂದ ಜಮೀನು ಅಂದರೆ ನಾನು ಮೊದಲು ಕೇಳುವುದು ಇದು ಮಂಜೂರಾದ ಜಮೀನಾ ಅಂತ. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಸರ್ಕಾರ ಕೊಟ್ಟ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯ ಆಗುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವ ಹಾಗಿಲ್ಲ. ಮಾರಿದರೂ ಆ ಮಾರಾಟ ಊರ್ಜಿತ ಅಲ್ಲ. ಎಷ್ಟೋ ವರ್ಷ ಆಯಿತು, ಇನ್ನು ಯಾರು ಕೇಳುತ್ತಾರೆ ಅನ್ನುವ ಮಾತೂ ಈಗ ನಡೆಯುವುದಿಲ್ಲ, 2023ರ ತಿದ್ದುಪಡಿಯಲ್ಲಿ ಕಾಲಮಿತಿ ಇಲ್ಲ ಅಂತ ಸ್ಪಷ್ಟ ಮಾಡಿದ್ದಾರೆ. ಕೊಳ್ಳುವವರು ಈ ಕಾಯ್ದೆಯನ್ನು ತೊಂದರೆ ಅಂತ ನೋಡುತ್ತಾರೆ. ಕಷ್ಟಕ್ಕೆ ಸಿಕ್ಕ ಕುಟುಂಬದ ಕೈಯಿಂದ ಜಮೀನು ಚಿಲ್ಲರೆ ದುಡ್ಡಿಗೆ ಹೋಗುವುದನ್ನು ನಾನು ಮೇಜಿನ ಈ ಕಡೆ ಕೂತು ನೋಡಿದ್ದೇನೆ. ಆ ಕಾಯ್ದೆ ಇರಲೇಬೇಕು. ನಿಮ್ಮ ಜಮೀನಿನ ಮೂಲ ಏನು, ಪಿತ್ರಾರ್ಜಿತವೋ ಕ್ರಯವೋ ಮಂಜೂರಿಯೋ ಅಂತ ಹಳೇ ಮುಟೇಷನ್ (ಖಾತೆ ಬದಲಾವಣೆಯ ದಾಖಲೆ) ತೆಗೆಸಿ ನೋಡಿ. ಪಹಣಿಯ 11ನೇ ಕಾಲಂನಲ್ಲಿ ಸಾಲ, ತಡೆಯಾಜ್ಞೆ, ಭೂಸ್ವಾಧೀನ ಏನಾದರೂ ಇದ್ದರೆ ಕಾಣುತ್ತದೆ. ಇಸಿಯನ್ನೂ (ಋಣಭಾರ ಪ್ರಮಾಣಪತ್ರ) ಹಿಂದಿನಿಂದ ತೆಗೆಸಿ.

ಇನ್ನು ಎರಡು ಬೆಲೆಯ ವಿಷಯ. ಸರ್ಕಾರ ನಿಗದಿ ಮಾಡುವ ಮಾರ್ಗಸೂಚಿ ಬೆಲೆ ಒಂದು, ಕೈಗೆ ಕೈ ಕೊಡುವ ಬೆಲೆ ಇನ್ನೊಂದು. 2023ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಬೆಲೆ ಏರಿಸಿದರೂ ಎಷ್ಟೋ ಹಳ್ಳಿಗಳಲ್ಲಿ ಎರಡರ ನಡುವೆ ಅಂತರ ಜಾಸ್ತಿಯೇ ಇದೆ. ಸ್ಟಾಂಪ್ ಡ್ಯೂಟಿ ಉಳಿಯಲಿ ಅಂತ ಎಲ್ಲರೂ ಕಡಿಮೆ ಬೆಲೆ ತೋರಿಸಿ ರಿಜಿಸ್ಟರ್ ಮಾಡಿಸುತ್ತಾರೆ. ಮುಂದೆ ಹೆದ್ದಾರಿಗೋ ಇನ್ನೊಂದಕ್ಕೋ ಜಮೀನು ಹೋದಾಗ ಪರಿಹಾರ ಲೆಕ್ಕ ಹಾಕುವುದು ಯಾವುದರ ಮೇಲೆ ಗೊತ್ತಾ? 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಮಾರ್ಗಸೂಚಿ ಬೆಲೆ ನೋಡುತ್ತಾರೆ, ಹಿಂದಿನ ಮೂರು ವರ್ಷ ಅಕ್ಕಪಕ್ಕದಲ್ಲಿ ರಿಜಿಸ್ಟರ್ ಆದ ಕ್ರಯಪತ್ರಗಳಲ್ಲಿ ಮೇಲಿನ ಅರ್ಧದ ಸರಾಸರಿ ನೋಡುತ್ತಾರೆ, ಯಾವುದು ಜಾಸ್ತಿಯೋ ಅದು. ಇಡೀ ಊರು ಕಡಿಮೆ ತೋರಿಸಿದ್ದರೆ ಇಡೀ ಊರಿಗೆ ಕಡಿಮೆ. ಅದಕ್ಕೇ ನಿಜವಾಗಿ ಕೊಟ್ಟ ಬೆಲೆಯನ್ನೇ ಪತ್ರದಲ್ಲಿ ಬರೆಸಿ, ಚೆಕ್ಕಿನಲ್ಲೇ ಕೊಡಿ. ಡ್ಯೂಟಿ ಜಾಸ್ತಿ ಆಗುತ್ತದೆ, ಆಗಲಿ.

ಪೈಕಿ ಅಂದಿರಲ್ಲ, ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ 11ಇ ನಕ್ಷೆ, ಅಂದರೆ ಮಾರುವ ಭಾಗವನ್ನು ಅಳೆದು ಗುರುತು ಮಾಡಿದ ಸರ್ವೆ ನಕ್ಷೆ ಬೇಕೇ ಬೇಕು. ಅದಿಲ್ಲದೆ ರಿಜಿಸ್ಟರ್ ಆಗುವುದಿಲ್ಲ. ಅಗ್ರಿಮೆಂಟ್ ಮಾಡಿಕೊಂಡು ದುಡ್ಡು ಕೊಟ್ಟುಬಿಡಿ, ನಕ್ಷೆ ಆಮೇಲೆ ಮಾಡಿಸೋಣ ಅಂದರೆ ಒಪ್ಪಬೇಡಿ.

---

ಹಿಪ್ಪುನೇರಳೆ

ದೇವನಹಳ್ಳಿ ತಾಲ್ಲೂಕಿನವನು ನಾನು. ನಮ್ಮಲ್ಲಿ ಬೆಲೆಯನ್ನು ದಾರಿಯೂ ಮಾಡುವುದಿಲ್ಲ, ನೀರೂ ಮಾಡುವುದಿಲ್ಲ, ಏರ್‌ಪೋರ್ಟ್ ಮಾಡುತ್ತದೆ. 2008ರಲ್ಲಿ ಅದು ಶುರುವಾದ ಮೇಲೆ ರೇಷ್ಮೆ, ದ್ರಾಕ್ಷಿ ಬೆಳೆಯುವ ಹೊಲಕ್ಕೆ ಕೋಟಿ ಲೆಕ್ಕದ ಬೆಲೆ ಬಂತು. ಆದರೆ ಸ್ವಾಧೀನದ ನೋಟಿಫಿಕೇಷನ್ ಬಿದ್ದ ದಿನ ಅದೇ ಹೊಲ ಮಾರುವ ಹಾಗಿಲ್ಲ, ಸಾಲ ಸಿಗುವುದಿಲ್ಲ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಹಾಗೇ ಆಗಿತ್ತು. ಜನ ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಕೈಬಿಟ್ಟಿತು. ಆ ದಿನ ಊರಲ್ಲಿ ಜನ ಅತ್ತಿದ್ದನ್ನು ನೋಡಿದ್ದೇನೆ. ಎಷ್ಟು ಕೋಟಿ ಸಿಗುತ್ತಿತ್ತು ಅಂತ ಆ ದಿನ ಯಾರೂ ಲೆಕ್ಕ ಹಾಕಲಿಲ್ಲ.

ನಿಮ್ಮ ಪಕ್ಕದ ಪಾವಗಡದಲ್ಲಿ ಇನ್ನೊಂದು ದಾರಿ ಹಿಡಿದರಲ್ಲ. ತಿರುಮಣಿ ಸುತ್ತ ಐದು ಹಳ್ಳಿಯಲ್ಲಿ ಸುಮಾರು 13,000 ಎಕರೆ, ಸೋಲಾರ್‌ಗೆ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆ ಇಲ್ಲದ ಸೀಮೆಯಲ್ಲಿ ಜಮೀನು ಇದ್ದವರಿಗೆ ಅದು ಆಧಾರ. ಜಮೀನೇ ಇಲ್ಲದೆ ಅಲ್ಲಿ ಕೂಲಿಗೆ ಹೋಗುತ್ತಿದ್ದವರಿಗೆ ಕೆಲಸ ಹೋಯಿತು. ಬೆಲೆಯ ಬಗ್ಗೆ ಮಾತಾಡುವಾಗ ಅವರ ಲೆಕ್ಕ ಎಲ್ಲೂ ಬರುವುದೇ ಇಲ್ಲ.

---

ಕಡ್ಲೆಕಾಯಿ ಹೊಲ

ಎಲ್ಲರಿಗೂ ತುಂಬಾ ಧನ್ಯವಾದ. ಶನಿವಾರ ಊರಿಗೆ ಹೋಗಿ ಬಂದೆ, ಏನಾಯಿತು ಅಂತ ಹೇಳಬೇಕು.

ಗ್ರಾಮ ನಕಾಶೆ ನೋಡಿದೆ. 18 ಲಕ್ಷದ ಜಮೀನಿಗೆ ದಾರಿ ಇಲ್ಲ. ನಕಾಶೆಯ ಬಂಡಿದಾರಿ ಆ ಜಮೀನಿಗೆ ಇನ್ನೂರು ಅಡಿ ಮೊದಲೇ ನಿಲ್ಲುತ್ತದೆ. ಮಧ್ಯೆ ಇರುವ ಹೊಲ ಒಬ್ಬ ಅಜ್ಜಿಯದು. ಅಪ್ಪ ಅವರ ಮನೆಗೆ ಹೋಗಿ ಮಾತಾಡಿದರು, ಅವರ ಯಜಮಾನರೂ ಅಪ್ಪನೂ ಒಟ್ಟಿಗೆ ಓದಿದವರಂತೆ. ಅಂಚಿನಲ್ಲಿ ಹತ್ತು ಅಡಿ ಬಿಡಲು ಒಪ್ಪಿದ್ದಾರೆ. ದುಡ್ಡು ಬೇಡ ಅಂದರು. ಬಾಯಿಮಾತು ಬೇಡ, ಬೆಲೆ ಕೊಟ್ಟು ರಿಜಿಸ್ಟರ್ ಮಾಡಿಸಿಕೊಳ್ಳುತ್ತೇವೆ ಅಂತ ನಾನು ಹೇಳಿದೆ. ಬಂಡಿದಾರಿ ಅಣ್ಣ, ನಿಮ್ಮ ಕಡ್ಲೆಕಾಯಿ ಮೂಟೆ ನೆನಪಾಯಿತು.

ಮಾರುವವರಿಗೆ ಇಬ್ಬರು ಅಕ್ಕಂದಿರು. ಒಬ್ಬರು ಹಿರಿಯೂರಲ್ಲಿ, ಒಬ್ಬರು ದಾವಣಗೆರೆಯಲ್ಲಿ. ಇಬ್ಬರೂ ಬಂದು ಸಹಿ ಹಾಕಬೇಕು, ಅವರ ಪಾಲು ಅವರ ಅಕೌಂಟಿಗೇ ನಾನು ಹಾಕುತ್ತೇನೆ ಅಂದೆ. ಮಾರುವವರಿಗೆ ಸ್ವಲ್ಪ ಬೇಸರ ಆಯಿತು, ಆದರೆ ಯೋಚಿಸಿ ಹೇಳುತ್ತೇವೆ ಅಂದಿದ್ದಾರೆ. ಬೆಲೆಯನ್ನು ಬಿ ಖರಾಬು ಕಳೆದು 81 ಗುಂಟೆಗೆ ಮಾತ್ರ ಕೊಡುತ್ತೇನೆ ಅಂದಿದ್ದೇನೆ. ಜಮೀನಿನ ಮೂಲ ಪಿತ್ರಾರ್ಜಿತ, ಮಂಜೂರಿ ಅಲ್ಲ, ಹಳೇ ಮುಟೇಷನ್ ಸಿಕ್ಕಿತು.

32 ಲಕ್ಷದ್ದು ನಮ್ಮ ಕೈಗೆ ಎಟುಕುವುದಿಲ್ಲ, ಬಿಟ್ಟೆವು. ಅಪ್ಪ ಹೊಲದಲ್ಲಿ ಒಂದು ಹಿಡಿ ಮಣ್ಣು ಎತ್ತಿ ಮೂಸಿ ನೋಡಿ ಟವೆಲ್‌ನಲ್ಲಿ ಕಟ್ಟಿಕೊಂಡು ಬಂದಿದ್ದಾರೆ, ಪೀಣ್ಯದ ಮನೆಯ ಕಿಟಕಿಯಲ್ಲಿ ಇಟ್ಟಿದ್ದಾರೆ.

ಸರ್ವೇಯರ್ ಸರ್, ಒಂದೇ ಪ್ರಶ್ನೆ ಉಳಿದಿದೆ. ಪೋಡಿಗೆ, ಹದ್ದುಬಸ್ತಿಗೆ (ಗಡಿ ಅಳೆದು ಗುರುತು ಮಾಡುವುದಕ್ಕೆ) ಅರ್ಜಿ ಯಾರು ಹಾಕಬೇಕು? ನಾನಾ, ಅವರಾ?

---

ಸರಪಳಿ 33

ಖಾತೆದಾರರೇ ಹಾಕಬೇಕು, ನೀವಲ್ಲ. ಅರ್ಜಿಯ ಖರ್ಚು ನಾನು ಕೊಡುತ್ತೇನೆ ಅಂತ ಹೇಳಿ, ಬೇಗ ಹಾಕುತ್ತಾರೆ. ಅಕ್ಕಪಕ್ಕದ ಜಮೀನಿನವರಿಗೆ ನೋಟಿಸ್ ಹೋಗುತ್ತದೆ, ಅಳತೆಯ ದಿನ ಅವರೆಲ್ಲ ಬರುತ್ತಾರೆ. ಆ ದಿನ ರಜೆ ಹಾಕಿ ನೀವೂ ಹೋಗಿ. ಗಡಿಯ ಬಾಂದು ಕಲ್ಲು ಎಲ್ಲಿ ಬೀಳುತ್ತದೆ ಅಂತ ಕಣ್ಣಾರೆ ನೋಡಿ, ಪ್ರತಿ ಕಲ್ಲಿನ ಹತ್ತಿರ ನಿಂತು ಫೋಟೋ ತೆಗೆದುಕೊಳ್ಳಿ. ಹಳ್ಳದ ಕಡೆಯ ಕಲ್ಲನ್ನು ವಿಶೇಷವಾಗಿ ನೋಡಿ, ಮಣ್ಣು ಕೊಚ್ಚಿ ಜರುಗಿರುವುದು ಅಲ್ಲೇ.

ನಿಮ್ಮ ತಂದೆಯವರನ್ನೂ ಕರೆದುಕೊಂಡು ಹೋಗಿ. ಆ ಊರಿನ ಹಳೇ ಬದುಗಳು ಅವರಿಗೆ ಗೊತ್ತಿರುತ್ತವೆ.